ಜರ್ಮನ್ ಗ್ರಾಮರ್: ಇಂಗ್ಲಿಷ್ ಬದಿಗಿಡಿ, ಕನ್ನಡದಿಂದ ಕಲಿಯಿರಿ – ಎ1 ಗೆಲ್ಲಲು 12 ಸೂತ್ರಗಳು

ಜರ್ಮನ್ ಕಷ್ಟ ಎಂದು ನಿಮ್ಮನ್ನು ಹೆದರಿಸಿದವರು ಬಹುಶಃ ಅದನ್ನು ಇಂಗ್ಲಿಷ್ ಮೂಲಕ ಕಲಿತವರು. ಇಂಗ್ಲಿಷಿನಲ್ಲಿ ವಿಭಕ್ತಿ ಹೆಚ್ಚುಕಡಿಮೆ ಉಳಿದಿಲ್ಲ. ನೀನು, ನೀವು ಎಂಬ ಭೇದವಿಲ್ಲ. ‘ಎಲ್ಲಿ’ಗೂ ‘ಎಲ್ಲಿಗೆ’ಗೂ ಒಂದೇ ಪ್ರಶ್ನೆ ಸಾಕು. ಜರ್ಮನ್‌ನಲ್ಲಿ ಇವೆಲ್ಲ ಇವೆ. ಕನ್ನಡದಲ್ಲೂ ಇವೆ. ಆದರೂ ನಮ್ಮವರು ಕ್ಲಾಸಿಗೆ ಕಾಲಿಟ್ಟ ಕೂಡಲೇ ಕನ್ನಡವನ್ನು ಬಾಗಿಲ ಹೊರಗೆ ಬಿಟ್ಟು, ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಯೋಚಿಸಿ ಜರ್ಮನ್‌ಗೆ ತಿರುಗಿಸಲು ಒದ್ದಾಡುತ್ತಾರೆ. ಆ ಒದ್ದಾಟ ಇವತ್ತಿಗೆ ಸಾಕು.

ಮಾಸ್ಟರ್ಸ್‌ಗೆ ಹೊರಟ ಎಂಜಿನಿಯರ್ ನೀವಾಗಿರಬಹುದು, ಬಿ2 ಗುರಿ ಇಟ್ಟ ನರ್ಸ್ ಆಗಿರಬಹುದು, ಹೆಡ್ ಆಫೀಸ್ ಜರ್ಮನಿಯಲ್ಲಿರುವ ಕಂಪನಿಯ ಬೆಂಗಳೂರು ಶಾಖೆಯಲ್ಲಿ ಕೂತು ಮುಂದಿನ ಮೆಟ್ಟಿಲು ನೋಡುತ್ತಿರುವವರಾಗಿರಬಹುದು. ಶುರುವಾಗುವುದು ಎಲ್ಲರಿಗೂ ಎ1 ಎಂಬ ಮೊದಲ ಹಂತದಿಂದಲೇ. ಪೆನ್ನು ತೆಗೆದುಕೊಳ್ಳಿ.

1. ಗುರಿಗೆ ಅಳತೆ ಕೊಡಿ.
‘ಜರ್ಮನ್ ಕಲೀಬೇಕು’ ಎಂಬುದು ಆಸೆ ಅಷ್ಟೇ. ‘ಎ1 ಪಾಸಾಗಬೇಕು’ ಎಂದು ಬರೆದುಕೊಳ್ಳಿ. ಪರೀಕ್ಷೆ ನಡೆಸುವ ಗ್ಯೋಟೆ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ ಈ ಹಂತಕ್ಕೆ 45 ನಿಮಿಷದ 80ರಿಂದ 200 ಪೀರಿಯಡ್ ಬೇಕು. 100ಕ್ಕೆ 60 ಅಂಕ ಬಂದರೆ ಪಾಸು. ಪರೀಕ್ಷೆಯ ಪದಪಟ್ಟಿಯಲ್ಲಿ ಇರುವುದು ಸುಮಾರು 650 ಪದ. 2024ರ ಜೂನ್‌ನಲ್ಲಿ ಜರ್ಮನಿ ಶುರು ಮಾಡಿದ ‘ಶಾನ್ಸೆನ್‌ಕಾರ್ಟೆ’ ಎಂಬ ಉದ್ಯೋಗ ಹುಡುಕುವ ವೀಸಾಕ್ಕೂ ಭಾಷೆಯ ಮಟ್ಟಿಗೆ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ಕನಿಷ್ಠ ಅರ್ಹತೆ. ಗುರಿ ಇಷ್ಟು ಹತ್ತಿರ ಕಾಣುವಾಗ ಭಯಕ್ಕೆ ಜಾಗವಿಲ್ಲ.

ಇನ್ನೊಂದು ವಿಷಯ ತಿಳಿದಿರಲಿ. ಎ1 ಪರೀಕ್ಷೆಯಲ್ಲಿ ಗ್ರಾಮರ್ ಪೇಪರ್ ಎಂದು ಪ್ರತ್ಯೇಕವಾಗಿ ಏನೂ ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ಇಷ್ಟೇ. ಟೇಬಲ್ ಬಾಯಿಪಾಠ ಒಪ್ಪಿಸಿದವರಿಗಿಂತ ಅದನ್ನು ವಾಕ್ಯದಲ್ಲಿ ಬಳಸಿದವರಿಗೆ ಅಂಕ.

2. ಉಚ್ಚಾರಣೆಯನ್ನು ಮೊದಲ ವಾರದಲ್ಲೇ ಮುಗಿಸಿ.
ಕನ್ನಡದಂತೆ ಜರ್ಮನ್ ಕೂಡ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಆದರೆ ಅಕ್ಷರಗಳ ಧ್ವನಿ ಇಂಗ್ಲಿಷಿನದ್ದಲ್ಲ. ನಾವು ವೋಕ್ಸ್‌ವ್ಯಾಗನ್ ಎನ್ನುವುದನ್ನು ಅವರು ಫೊಲ್ಕ್ಸ್‌ವಾಗೆನ್ ಎನ್ನುತ್ತಾರೆ. ಬಿಎಂಡಬ್ಲ್ಯು ಅವರ ಬಾಯಲ್ಲಿ ಬೇ–ಎಮ್–ವೇ. ನಿಮ್ಮ ಹೆಸರು ಜಯಾ ಆಗಿದ್ದರೆ ಅಲ್ಲಿನ ಕ್ಲಿನಿಕ್‌ನ ರಿಸೆಪ್ಷನ್‌ನಲ್ಲಿ ‘ಯಾಯಾ’ ಎಂದು ಕರೆದಾಗ ಏಳಬೇಕಾದವರು ನೀವೇ. ಹಾಗಾಗಿ ನಿಮ್ಮ ಹೆಸರನ್ನು ಜರ್ಮನ್ ಅಕ್ಷರಮಾಲೆಯಲ್ಲಿ ಸ್ಪೆಲ್ ಮಾಡುವುದನ್ನು ಮೊದಲ ದಿನವೇ ಕಲಿಯಿರಿ. ವಿಜಯ್ ಎಂದರೆ ಫೌ, ಈ, ಯೋಟ್, ಆ, ಉಪ್ಸಿಲೋನ್. ಎ1 ಮೌಖಿಕ ಪರೀಕ್ಷೆಯಲ್ಲಿ ಸ್ಪೆಲ್ಲಿಂಗ್ ಹೇಳಿಸುತ್ತಾರೆ.

ಇಲ್ಲಿ ನಾನು ಜರ್ಮನ್ ಪದಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಓದಿಕೊಂಡು ಹೋಗಲು ಸುಲಭವಾಗಲಿ ಎಂದು. ನಿಮ್ಮ ನೋಟ್‌ಬುಕ್ಕಿನಲ್ಲಿ ಹಾಗೆ ಮಾಡಬೇಡಿ. ಮೇಲೆ ಎರಡು ಚುಕ್ಕಿಯ ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ಅವನ್ನು ಕಿವಿಯಿಂದಲೇ ಹಿಡಿಯಬೇಕು.

3. ಆರ್ಟಿಕಲ್ ಇಲ್ಲದ ಪದವನ್ನು ನೋಟ್‌ಬುಕ್ಕಿಗೆ ಸೇರಿಸಬೇಡಿ.
ಪ್ರಾಮಾಣಿಕವಾಗಿ ಹೇಳುತ್ತೇನೆ, ಲಿಂಗದ ವಿಷಯದಲ್ಲಿ ಕನ್ನಡವೂ ಕೈಕೊಡುತ್ತದೆ. ನಮಗೆ ಗಂಡಸು, ಹೆಂಗಸು ಬಿಟ್ಟರೆ ಉಳಿದದ್ದೆಲ್ಲ ‘ಅದು’. ಜರ್ಮನ್‌ನಲ್ಲಿ ಊಟದ ಮೇಜಿನ ಮೇಲೇ ಮೂರು ಲಿಂಗ: ಚಮಚ ಡೇರ್, ಫೋರ್ಕ್ ಡೀ, ಚಾಕು ಡಾಸ್. ಯಾಕೆ ಎಂದು ಕೇಳಬೇಡಿ. ಆ ಪ್ರಶ್ನೆಗೆ ಕೊಟ್ಟ ಸಮಯದಲ್ಲಿ ಹತ್ತು ಪದ ಕಲಿಯಬಹುದು.

ಬದಲಿಗೆ ಹೀಗೆ ಮಾಡಿ. ಪುಲ್ಲಿಂಗಕ್ಕೆ (ಡೇರ್) ನೀಲಿ, ಸ್ತ್ರೀಲಿಂಗಕ್ಕೆ (ಡೀ) ಕೆಂಪು, ನಪುಂಸಕಕ್ಕೆ (ಡಾಸ್) ಹಸಿರು ಪೆನ್ ಇಟ್ಟುಕೊಳ್ಳಿ. ಪ್ರತಿ ನಾಮಪದದ ಜೊತೆ ಆರ್ಟಿಕಲ್, ಪಕ್ಕದಲ್ಲೇ ಬಹುವಚನ ಬರೆಯಿರಿ. ಆಮೇಲೆ ಪದದ ಬಾಲ ನೋಡಿ. ಉಂಗ್, ಹೈಟ್, ಕೈಟ್, ಶಾಫ್ಟ್ ಎಂದು ಮುಗಿದರೆ ಡೀ. ಶೆನ್, ಲೈನ್ ಎಂದು ಮುಗಿದರೆ ಡಾಸ್. ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ನಪುಂಸಕಲಿಂಗವಾದದ್ದು ಈ ಬಾಲದಿಂದಲೇ. ವಾರದ ದಿನಗಳು, ತಿಂಗಳುಗಳು, ಋತುಗಳೆಲ್ಲ ಡೇರ್. ಉಂಗ್ ಪದಗಳ ಬಹುವಚನಕ್ಕೆ ಕಣ್ಣು ಮುಚ್ಚಿ ‘ಎನ್’ ಸೇರಿಸಿ: ಟ್ಸೈಟುಂಗ್ ಎಂದರೆ ದಿನಪತ್ರಿಕೆ, ಟ್ಸೈಟುಂಗೆನ್ ಎಂದರೆ ದಿನಪತ್ರಿಕೆಗಳು.

ರೈಲಿನಷ್ಟು ಉದ್ದದ ಪದ ಕಂಡರೆ ಹೆದರಬೇಡಿ. ಅದು ಸಮಾಸ. ಮನೆ + ಬಾಗಿಲು ಸೇರಿ ಮನೆಬಾಗಿಲು ಆದಂತೆ, ಡಾಸ್ ಹೌಸ್ ಮತ್ತು ಡೀ ಟ್ಯೂರ್ ಸೇರಿ ಡೀ ಹೌಸ್‌ಟ್ಯೂರ್. ಹೈಸ್ಕೂಲಿನಲ್ಲಿ ತತ್ಪುರುಷ ಸಮಾಸಕ್ಕೆ ಉತ್ತರಪದವೇ ಪ್ರಧಾನ ಎಂದು ಓದಿದ್ದೀರಲ್ಲ? ಲಿಂಗವನ್ನೂ ಅದೇ ನಿರ್ಧರಿಸುತ್ತದೆ. ಕೊನೆಯ ಪದ ನೋಡಿ, ಆರ್ಟಿಕಲ್ ಹಾಕಿ.

4. ಕ್ರಿಯಾಪದದ ಆರು ರೂಪಗಳನ್ನು ನಾಲಿಗೆಗೆ ಕೊಡಿ.
ಕಲಿಯುವುದು ಎಂದರೆ ಲೆರ್ನೆನ್. ಇಶ್ ಲೆರ್ನೆ, ಡೂ ಲೆರ್ನ್ಸ್ಟ್, ಏರ್ ಲೆರ್ನ್ಟ್, ವೀರ್ ಲೆರ್ನೆನ್, ಈರ್ ಲೆರ್ನ್ಟ್, ಝೀ ಲೆರ್ನೆನ್. ಕಲಿಯುತ್ತೇನೆ, ಕಲಿಯುತ್ತೀಯ, ಕಲಿಯುತ್ತಾನೆ, ಕಲಿಯುತ್ತಾಳೆ, ಕಲಿಯುತ್ತದೆ ಎಂದು ಹುಟ್ಟಿದಾಗಿನಿಂದ ಬದಲಿಸಿಕೊಂಡು ಬಂದ ನಾಲಿಗೆಗೆ ಇದು ಹೊಸ ಕಸರತ್ತಲ್ಲ. ಅವನು, ಅವಳು, ಅದು ಮೂರಕ್ಕೂ ಅಲ್ಲಿ ಒಂದೇ ರೂಪ, ನಿಮಗೆ ಅಷ್ಟೂ ಲಾಭ. ಇರು ಎಂಬ ಝೈನ್, ಹೊಂದಿರು ಎಂಬ ಹಾಬೆನ್, ಇವೆರಡು ಅಂಕೆ ಮೀರಿದವು. ಮಗ್ಗಿಯಂತೆ ಒಪ್ಪಿಸಿ.

ಎರಡು ಎಚ್ಚರಿಕೆ. ಕನ್ನಡದಲ್ಲಿ ‘ನಾಳೆ ಬರ್ತೀನಿ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಜರ್ಮನ್‌ನಲ್ಲಿ ಕರ್ತೃಪದ ನುಂಗಬೇಡಿ. ಎರಡನೆಯದು, ಇಂಗ್ಲಿಷಿನ ‘ಐ ಆ್ಯಮ್ ಈಟಿಂಗ್’ ಅಚ್ಚಿನಲ್ಲಿ ‘ಇಶ್ ಬಿನ್ ಎಸ್ಸೆನ್’ ಎಂದು ಎರಕ ಹೊಯ್ಯಬೇಡಿ. ತಿನ್ನುತ್ತೇನೆ, ತಿನ್ನುತ್ತಿದ್ದೇನೆ ಎರಡಕ್ಕೂ ‘ಇಶ್ ಎಸ್ಸೆ’ ಒಂದೇ.

5. ಕ್ರಿಯಾಪದಕ್ಕೆ ಎರಡನೇ ಸೀಟ್ ರಿಸರ್ವ್ ಮಾಡಿ.
ಸಾಧಾರಣ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಸ್ಥಾನ ಬಿಟ್ಟು ಕದಲುವುದಿಲ್ಲ. ‘ಇಶ್ ಟ್ರಿಂಕೆ ಹೊಯ್ಟೆ ಕಾಫೆ’ ಎಂದರೆ ನಾನು ಇವತ್ತು ಕಾಫಿ ಕುಡಿಯುತ್ತೇನೆ. ಇವತ್ತು ಎಂಬುದನ್ನು ಮುಂದಕ್ಕೆ ತಂದರೆ ‘ಹೊಯ್ಟೆ ಟ್ರಿಂಕೆ ಇಶ್ ಕಾಫೆ’. ‘ನಾನು’ ಹಿಂದಕ್ಕೆ ಸರಿಯಿತು, ‘ಕುಡಿ’ ಜಾಗ ಬಿಡಲಿಲ್ಲ. ‘ಹೊಯ್ಟೆ ಇಶ್ ಟ್ರಿಂಕೆ’ ಎಂಬುದು ಹೊಸಬರಿಂದ ಹೆಚ್ಚಾಗಿ ಕೇಳಿಬರುವ ತಪ್ಪು. ಪ್ರತಿದಿನ ಒಂದು ವಾಕ್ಯವನ್ನು ಮೂರು ಬಗೆಯಲ್ಲಿ ತಿರುಗಿಸಿ ಬರೆಯಿರಿ. ತಪ್ಪು ತಾನಾಗಿ ಉದುರುತ್ತದೆ.

6. ಮಿಕ್ಕ ಕ್ರಿಯೆಯನ್ನು ಕೊನೆಗೆ ತಳ್ಳಿ. ಅದು ನಿಮ್ಮ ಹೋಮ್ ಗ್ರೌಂಡ್.
ವಾಕ್ಯದಲ್ಲಿ ಎರಡು ಕ್ರಿಯಾಪದ ಬಂದರೆ ಒಂದು ಎರಡನೇ ಸೀಟಿಗೆ, ಇನ್ನೊಂದು ಕಟ್ಟಕಡೆಗೆ. ‘ಇಶ್ ಕಾನ್ ಹೊಯ್ಟೆ ನಿಶ್ಟ್ ಕೊಮ್ಮೆನ್’, ನಾನು ಇವತ್ತು ಬರಲಾರೆ. ಯಾಕೆಂದರೆ ಎಂಬ ‘ವೈಲ್’ ಬಂದರಂತೂ ಕ್ರಿಯಾಪದ ಪೂರ್ತಿ ಕೊನೆಗೇ ಹೋಗಬೇಕು: ‘ವೈಲ್ ಇಶ್ ಕ್ರಾಂಕ್ ಬಿನ್’. ಪದಕ್ಕೆ ಪದ ಇಟ್ಟರೆ ‘ಯಾಕೆಂದರೆ ನಾನು ಕಾಯಿಲೆ ಇದ್ದೇನೆ’. ಇಂಗ್ಲಿಷರು ಇಲ್ಲಿ ತಬ್ಬಿಬ್ಬಾಗುತ್ತಾರೆ. ವಾಕ್ಯ ಮುಗಿಯುವವರೆಗೆ ಕ್ರಿಯಾಪದಕ್ಕೆ ಕಾಯುವುದು ನಮ್ಮ ದಿನನಿತ್ಯದ ಮಾತು.

7. ವಿಭಕ್ತಿಗೆ ‘ಅನ್ನು’ ಪರೀಕ್ಷೆ ಮಾಡಿ.
ಎಲ್ಲರೂ ಬಿಟ್ಟು ಓಡುವ ಪಾಠ ಇದು. ನೀವು ಇಲ್ಲಿಯೇ ಮುಂದೆ ಹೋಗಿ. ಜರ್ಮನ್‌ಗೆ ನಾಲ್ಕೇ ವಿಭಕ್ತಿ. ನೋಮಿನಾಟಿವ್ ನಮ್ಮ ಪ್ರಥಮಾ, ಅಕುಝಾಟಿವ್ ದ್ವಿತೀಯಾ, ಡಾಟಿವ್ ಚತುರ್ಥೀ, ಗೆನಿಟಿವ್ ಷಷ್ಠೀ. ಗೆನಿಟಿವನ್ನು ಬಿ1ಗೆ ಎತ್ತಿಡಿ. ಸದ್ಯಕ್ಕೆ ಮೂರು.

ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಂಡ್ ಕಿಟೆಲ್ ನಾಲ್ಕು ವಿಭಕ್ತಿಯ ಭಾಷೆಯಿಂದ ಬಂದು ನಮ್ಮ ಏಳನ್ನು ಕಲಿತರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟರು, 1903ರಲ್ಲಿ ಕನ್ನಡ ವ್ಯಾಕರಣವನ್ನೇ ಬರೆದರು. ನಿಮ್ಮದು ಏಳರಿಂದ ನಾಲ್ಕಕ್ಕೆ ಇಳಿಯುವ ಕೆಲಸ. ‘ಆಗಲ್ಲ’ ಎನ್ನುವ ಮೊದಲು ಇದನ್ನು ನೆನೆಯಿರಿ.

ಈಗ ಪರೀಕ್ಷೆ. ನಾಮಪದಕ್ಕೆ ಕನ್ನಡದಲ್ಲಿ ‘ಅನ್ನು’ ಹಚ್ಚಿ ನೋಡಿ. ‘ಕಾಫಿ ಕುಡಿದೆ’ ಎಂದು ಮಾತಾಡಿದರೂ ಅದು ‘ಕಾಫಿಯನ್ನು ಕುಡಿದೆ’ಯೇ. ‘ಅನ್ನು’ ಕೂರುತ್ತದೆಯೇ? ಹಾಗಾದರೆ ಅಕುಝಾಟಿವ್: ‘ಇಶ್ ಟ್ರಿಂಕೆ ಐನೆನ್ ಕಾಫೆ’. ‘ಇದು ಮೇಜು’ ಎಂಬಲ್ಲಿ ‘ಇದು ಮೇಜನ್ನು’ ಎನ್ನಲಾಗದು. ಹಾಗಾದರೆ ನೋಮಿನಾಟಿವ್: ‘ಡಾಸ್ ಇಸ್ಟ್ ಐನ್ ಟಿಶ್’. ಇನ್ನೂ ಒಳ್ಳೆಯ ಸುದ್ದಿ ಇದೆ. ಅಕುಝಾಟಿವ್‌ನಲ್ಲಿ ಆರ್ಟಿಕಲ್ ಬದಲಾಗುವುದು ಪುಲ್ಲಿಂಗಕ್ಕೆ ಮಾತ್ರ. ಡೇರ್ ಹೋಗಿ ಡೇನ್, ‘ಒಂದು’ ಎಂಬ ಐನ್ ಹೋಗಿ ಐನೆನ್. ಸ್ತ್ರೀಲಿಂಗ, ನಪುಂಸಕಲಿಂಗ, ಬಹುವಚನ ಮೂರೂ ಇದ್ದಂತೆ ಇರುತ್ತವೆ.

ಈ ಪರೀಕ್ಷೆ ಒಂದು ಕಡೆ ಕೈ ಕೊಡುತ್ತದೆ, ತಿಳಿದಿರಿ. ‘ನನಗೆ ಒಬ್ಬ ತಮ್ಮ ಇದ್ದಾನೆ’ ಎಂಬಲ್ಲಿ ‘ಗೆ’ ಕಾಣುತ್ತದೆ, ‘ಅನ್ನು’ ಕಾಣುವುದಿಲ್ಲ. ಜರ್ಮನ್‌ನಲ್ಲಿ ಇದು ‘ಇಶ್ ಹಾಬೆ ಐನೆನ್ ಬ್ರೂಡರ್’. ಹಾಬೆನ್ ಬಂದಲ್ಲೆಲ್ಲ ಅಕುಝಾಟಿವ್ ಎಂದು ಬೇರೆ ಚೀಟಿ ಬರೆದು ಅಂಟಿಸಿಕೊಳ್ಳಿ.

8. ‘ನನಗೆ’ ಎಂದು ಬಂದಲ್ಲಿ ‘ಮೀರ್’ ಹಾಕಿ ನೋಡಿ.
ಡಾಟಿವ್ ಪಾಠವನ್ನು ಇಂಗ್ಲಿಷ್ ಪುಸ್ತಕಗಳು ಉದ್ದನೆಯ ಪಟ್ಟಿಯಾಗಿ ಕೊಡುತ್ತವೆ. ಕನ್ನಡಿಗರಿಗೆ ಅದರ ಬಹುಪಾಲು ಬಿಟ್ಟಿಯಾಗಿ ಸಿಕ್ಕಿದೆ. ನನಗೆ ಚಳಿಯಾಗುತ್ತಿದೆ: ‘ಮೀರ್ ಇಸ್ಟ್ ಕಾಲ್ಟ್’. ಇಂಗ್ಲಿಷ್ ಹಿಡಿದು ‘ಇಶ್ ಬಿನ್ ಕಾಲ್ಟ್’ ಎಂದರೆ ನಾನು ಕರುಣೆಯಿಲ್ಲದ ಮನುಷ್ಯ ಎಂದಾಗಿಬಿಡುತ್ತದೆ. ನನಗೆ ಸಹಾಯ ಮಾಡು: ‘ಹಿಲ್ಫ್ ಮೀರ್’. ಇದು ನನಗೆ ಸೇರಿದ್ದು: ‘ಡಾಸ್ ಗೆಹ್ಯೋರ್ಟ್ ಮೀರ್’. ನಿಮಗೆ ಧನ್ಯವಾದ: ‘ಇಶ್ ಡಾಂಕೆ ಈನೆನ್’. ಹಿಡಿಸಿತು, ರುಚಿಸಿತು ಎಂಬಲ್ಲೂ ‘ನನಗೆ’ಯೇ. ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ವಿಭಕ್ತಿ ತಾನೇ ಕೈಗೆ ಬರುತ್ತದೆ.

ದಾರಿ ತಪ್ಪಿಸುವ ಒಂದು ಕ್ರಿಯಾಪದವಿದೆ. ನಾವು ‘ನನಗೆ ಫೋನ್ ಮಾಡು’ ಎನ್ನುತ್ತೇವೆ, ಅವರು ‘ರೂಫ್ ಮಿಶ್ ಆನ್’ ಎನ್ನುತ್ತಾರೆ. ಮಿಶ್ ಎಂದರೆ ನನ್ನನ್ನು. ಆನ್‌ರೂಫೆನ್ ಎಂಬ ಈ ಪದವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅದು ಎರಡಾಗಿ ಸೀಳಿ, ಮುಂದಿನ ತುಂಡು ‘ಆನ್’ ವಾಕ್ಯದ ಕೊನೆಗೆ ಹೋಗುವುದನ್ನೂ ಗಮನಿಸಿ. ಏಳುವುದು, ಶಾಪಿಂಗ್ ಮಾಡುವುದು, ರೈಲು ಹೊರಡುವುದು, ಎಲ್ಲ ಇದೇ ಜಾತಿಯ ಕ್ರಿಯಾಪದಗಳು.

9. ಎಲ್ಲಿ, ಎಲ್ಲಿಗೆ, ಎಲ್ಲಿಂದ: ಮೂರು ಪ್ರಶ್ನೆ ಕೇಳಿಕೊಳ್ಳಿ.
ವೋ, ವೋಹಿನ್, ವೋಹೇರ್. ಅಚ್ಚುಕಟ್ಟಾಗಿ ನಮ್ಮ ಮೂರು ಪ್ರಶ್ನೆಗಳು. ‘ವೋಹೇರ್ ಕೊಮ್ಮೆನ್ ಝೀ?’ ಎಂದರೆ ನೀವು ಎಲ್ಲಿಂದ ಬಂದವರು. ‘ಇಶ್ ಕೊಮ್ಮೆ ಔಸ್ ಹುಬ್ಬಳ್ಳಿ’ ಎನ್ನಿ, ಮುಗಿಯಿತು.

ಒಳಗೆ, ಮೇಲೆ, ಕೆಳಗೆ, ಪಕ್ಕದಲ್ಲಿ ಎನ್ನುವ ಒಂಬತ್ತು ಪ್ರಿಪೊಸಿಷನ್‌ಗಳು ಎರಡೂ ವಿಭಕ್ತಿ ಹಿಡಿಯುತ್ತವೆ. ಯಾವಾಗ ಯಾವುದು ಎಂಬುದೇ ಹೊಸಬರ ತಲೆನೋವು. ಎಲ್ಲಿ ಎಂದು ಕೇಳಿದರೆ ಡಾಟಿವ್: ಆಫೀಸಿನಲ್ಲಿ, ‘ಇಮ್ ಬ್ಯೂರೋ’. ಎಲ್ಲಿಗೆ ಎಂದು ಕೇಳಿದರೆ ಅಕುಝಾಟಿವ್: ಆಫೀಸಿಗೆ, ‘ಇನ್ಸ್ ಬ್ಯೂರೋ’. ಇಲ್ಲೊಂದು ಗುಂಡಿ ಇದೆ, ನೋಡಿ ದಾಟಿ. ಕನ್ನಡದ ‘ಆಫೀಸಿಗೆ’ಯಲ್ಲಿ ‘ಗೆ’ ಇದೆ, ಹಾಗಾಗಿ ಡಾಟಿವ್ ಎನಿಸುತ್ತದೆ. ತಪ್ಪು. ‘ಗೆ’ ಸೂತ್ರ ವ್ಯಕ್ತಿಗಳಿಗೆ, ನನಗೆ–ನಿನಗೆ–ಅವರಿಗೆ. ಜಾಗಗಳಿಗೆ ಪ್ರಶ್ನೆಯೇ ಸೂತ್ರ. ಇವೆರಡನ್ನು ಬೆರೆಸದಿದ್ದರೆ ನಿಮ್ಮ ಡಾಟಿವ್‌ನ ಅರ್ಧ ತಪ್ಪು ನಿಂತುಹೋಗುತ್ತದೆ.

ಔಸ್, ಬೈ, ಮಿಟ್, ನಾಖ್, ಝೈಟ್, ಫೊನ್, ಟ್ಸೂ, ಈ ಏಳಕ್ಕೆ ಯಾವ ಪ್ರಶ್ನೆಯೂ ಬೇಕಿಲ್ಲ, ಸದಾ ಡಾಟಿವ್. ಬ್ಲೂ ಡ್ಯಾನ್ಯೂಬ್ ವಾಲ್ಟ್ಸ್ ಧಾಟಿಗೆ ಹೊಂದಿಸಿ ಇವನ್ನು ಹಾಡಿಸುವ ಟೀಚರ್‌ಗಳಿದ್ದಾರೆ. ನಿಮಗೆ ಯಾವ ಧಾಟಿ ಹಿಡಿಸುತ್ತದೋ ಅದಕ್ಕೆ ಹೊಂದಿಸಿ, ಸ್ನಾನದ ಮನೆಯಲ್ಲಿ ಹಾಡಿ. ಇವುಗಳಲ್ಲಿ ಝೈಟ್ ಕನ್ನಡಿಗರ ಗೆಳೆಯ. ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಿದ್ದೀನಿ’ ಎಂದು ನಾವು ವರ್ತಮಾನದಲ್ಲೇ ಹೇಳುತ್ತೇವೆ, ಅವರೂ ಹಾಗೆಯೇ.

10. ಅಂಕಿ ಮತ್ತು ಗಡಿಯಾರಕ್ಕೆ ಪ್ರತ್ಯೇಕ ಅಭ್ಯಾಸ ಮಾಡಿ.
ಇಪ್ಪತ್ತೊಂದನ್ನು ಅವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ. ಸಂಸ್ಕೃತದ ಏಕವಿಂಶತಿಯೂ ಒಂದನ್ನು ಮೊದಲೇ ಹೇಳುತ್ತದೆ, ಹಾಗೆ ನೆನಪಿಟ್ಟುಕೊಳ್ಳಿ. ಗಡಿಯಾರ ಇನ್ನೂ ಅಪಾಯ. ‘ಹಾಲ್ಪ್ ಡ್ರೈ’ ಎಂದರೆ ಮೂರರ ಕಡೆಗೆ ಅರ್ಧ, ಅಂದರೆ ಎರಡೂವರೆ. ಮೂರೂವರೆ ಎಂದುಕೊಂಡು ಇಂಟರ್‌ವ್ಯೂಗೆ ಹೋದರೆ ಒಂದು ಗಂಟೆ ತಡವಾಗಿರುತ್ತೀರಿ. ಬಸ್ಸಿನಲ್ಲಿ ಕೂತಾಗ ಎದುರು ಕಂಡ ವಾಹನಗಳ ನಂಬರ್ ಪ್ಲೇಟ್ ಓದಿ, ಜರ್ಮನ್‌ನಲ್ಲಿ.

11. ಪರಿಚಯವಿಲ್ಲದವರಿಗೆ ‘ಝೀ’ ಎನ್ನಿ.
ನೀನು ಎಂದರೆ ಡೂ, ನೀವು ಎಂದರೆ ಝೀ. ನಮ್ಮ ‘ನೀವು’ ಗೌರವಕ್ಕೂ ಹೌದು, ಗುಂಪಿಗೂ ಹೌದು. ಅವರಲ್ಲಿ ಗೆಳೆಯರ ಗುಂಪಿಗೆ ‘ಈರ್’ ಎಂಬ ಬೇರೆ ಪದವಿದೆ. ಹೊಸ ಕಂಪನಿಗಳಲ್ಲಿ ಬಾಸ್‌ಗೂ ಡೂ ಎನ್ನುವುದುಂಟು. ಎದುರಿನವರು ಹೇಳುವವರೆಗೆ ನೀವು ಮುಂದಾಗಬೇಡಿ.

12. ಭೂತಕಾಲಕ್ಕೆ ಒಂದೇ ಅಚ್ಚು ಸಾಕು.
ಮಾತಿನ ಜರ್ಮನ್‌ನಲ್ಲಿ ಹೆಚ್ಚು ಕೇಳಿಬರುವುದು ಪೆರ್ಫೆಕ್ಟ್. ‘ಇಶ್ ಹಾಬೆ ಡೊಯ್ಚ್ ಗೆಲೆರ್ನ್ಟ್’, ನಾನು ಜರ್ಮನ್ ಕಲಿತೆ. ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ, ಬರುವ ಕ್ರಿಯೆಗಳಿಗೆ ಹಾಬೆ ಬದಲು ಬಿನ್. ಇದ್ದೆ, ನನ್ನ ಬಳಿ ಇತ್ತು ಎನ್ನಲು ಮಾತ್ರ ವಾರ್, ಹಾಟೆ. ಉಳಿದ ಭೂತಕಾಲಗಳ ಗೊಡವೆ ಈಗ ಬೇಡ.

ಸೂತ್ರ ಓದಿದ್ದು ಸಾಕು, ಇನ್ನು ಬಾಯಿ ಬಿಡಿ. ‘ತಪ್ಪಾದರೆ ನಗ್ತಾರೆ’ ಎಂಬ ಯೋಚನೆ ಬರೀ ಚಟ, ಬಿಡಲು ಬರುತ್ತದೆ. ಎ1 ಮೌಖಿಕದಲ್ಲಿ ಕೇಳುವ ಸ್ವಪರಿಚಯ ಮೊದಲೇ ಗೊತ್ತಿದೆ: ಹೆಸರು, ವಯಸ್ಸು, ದೇಶ, ಊರು, ಭಾಷೆಗಳು, ಕೆಲಸ, ಹವ್ಯಾಸ. ಪ್ರಶ್ನೆಪತ್ರಿಕೆ ಇಷ್ಟು ಬಹಿರಂಗವಾಗಿ ಸೋರಿದ ಪರೀಕ್ಷೆ ಇನ್ನೊಂದಿಲ್ಲ! ಬರವಣಿಗೆಯಲ್ಲಿ ಕೇಳುವ ಪತ್ರ ಸುಮಾರು 30 ಪದದ್ದು, ವಾರಕ್ಕೆ ಎರಡು ಬರೆದು ತಿದ್ದಿಸಿಕೊಳ್ಳಿ. ಕೇಳಿಸಿಕೊಳ್ಳಲು ಡೊಯ್ಚೆ ವೆಲ್ಲೆ ಪ್ರಸಾರ ಸಂಸ್ಥೆಯ ‘ನಿಕೋಸ್ ವೇಗ್’ ವೀಡಿಯೊ ಸರಣಿ ಉಚಿತವಾಗಿದೆ, ಎ1ರಿಂದ ಬಿ1ರವರೆಗೆ. ಆ್ಯಪ್‌ನಲ್ಲಿ ಸ್ಟ್ರೀಕ್ ಕಾಯುತ್ತಾ ಕೂತವರು ಪದ ಗುರುತಿಸಲು ಕಲಿಯುತ್ತಾರೆ, ವಾಕ್ಯ ಕಟ್ಟಲು ಕಲಿಯುವುದಿಲ್ಲ. ನನ್ನ ಮಟ್ಟಿಗೆ ಆ್ಯಪ್ ಬಸ್‌ಸ್ಟಾಪಿನಲ್ಲಿ ಕಾಯುವಾಗಿನ ಕೆಲಸ, ಅದಕ್ಕಿಂತ ಹೆಚ್ಚಿನದಲ್ಲ.

ಪರೀಕ್ಷೆಯ ದಿನಾಂಕವನ್ನು ಮೊದಲೇ ನೋಡಿಡಿ. ಬೆಂಗಳೂರಿನ ಇಂದಿರಾನಗರದಲ್ಲಿರುವ ಗ್ಯೋಟೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮ್ಯುಲ್ಲರ್ ಭವನದ ವೆಬ್‌ಸೈಟಿನಲ್ಲಿ ಪರೀಕ್ಷೆಗಳ ವೇಳಾಪಟ್ಟಿ ಸಿಗುತ್ತದೆ. ಇವತ್ತು ರಾತ್ರಿ ಮಲಗುವ ಮುನ್ನ ಸ್ವಪರಿಚಯದ ಆ ಏಳು ವಾಕ್ಯ ಬರೆಯಿರಿ, ಪ್ರತಿಯೊಂದರಲ್ಲೂ ಕ್ರಿಯಾಪದ ಎರಡನೇ ಸೀಟಿನಲ್ಲಿದೆಯೇ ನೋಡಿ, ನಾಳೆ ಬೆಳಿಗ್ಗೆ ಮನೆಯವರ ಮುಂದೆ ಗಟ್ಟಿಯಾಗಿ ಹೇಳಿ.